ಸರೀಕರ ಪಟ್ಟಿ

ಚಕಾಲಾದ ಆರನೇ ಮಹಡಿಯಲ್ಲಿ ಸಂಜೆ ಏಳೂವರೆ.
ಠಾಣೆಯಲ್ಲಿ ನೀರೆತ್ತುವ ಪಂಪು ಮಾಡುವ ಕಂಪನಿಗೆ
ಸರೀಕರನ್ನು ಹುಡುಕುತ್ತ ಕೂತಿದ್ದೇನೆ.

ಹುಡುಕುವುದೆಂದರೆ ಸಂಬಂಧ ನೋಡಿದ ಹಾಗೆ:
ವಹಿವಾಟು ನಮ್ಮ ಅರ್ಧಕ್ಕಿಂತ ಕಡಿಮೆ ಇರಬಾರದು,
ದುಪ್ಪಟ್ಟು ದಾಟಬಾರದು,
ಕುಲ ಒಂದೇ ಆಗಬೇಕು, ಕಬ್ಬಿಣ, ಮೋಟಾರು, ವಾಲ್ವು,
ಗೋತ್ರ ಮಾತ್ರ ಬೇರೆ:
ಒಬ್ಬನೇ ಯಜಮಾನನ ಎರಡು ಕಂಪನಿ ನಡೆಯುವುದಿಲ್ಲ.

ಜರಡಿ ಹಿಡಿದರೆ ಹದಿನೇಳು ಹೆಸರು ಉಳಿದವು.
ಮಧ್ಯಾಂಕ ನಾಲ್ಕು ಕೋಟಿ ಹತ್ತು ಲಕ್ಷ.
ಕಾರ್ಖಾನೀಸ್ ಸಾಹೇಬರ ಸಂಬಳ ಆಗಲೇ ನಾಲ್ಕು ಮೂವತ್ತು.
ಫೋನಿನಲ್ಲಿ ಶೆರ್ನಾಜ್ ಸ್ವಲ್ಪ ಹೊತ್ತು ಮಾತಾಡಲಿಲ್ಲ.
ಆಮೇಲೆ ಮೆತ್ತಗೆ:
"ಆ ಕೊಲ್ಹಾಪುರದ ಫೌಂಡ್ರಿ, ಅದೂ ನಮಗೆ ಸರಿಸಾಟಿಯೇ?
ಅದರ ಎಂಡಿ ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗುತ್ತಾರಂತೆ."

ಕೊಲ್ಹಾಪುರ ಅಳಿಸಿದೆ. ಕಾರಣದ ಕಾಲಮ್ಮಿನಲ್ಲಿ
'ಭೌಗೋಳಿಕ ವ್ಯಾಪ್ತಿ' ಎಂದು ಬರೆದೆ.
ರಾಜಕೋಟ್ ಅಳಿಸಿದೆ: 'ಕುಟುಂಬದ ಆಡಳಿತ'.
ಕೊಯಮತ್ತೂರಿನಾತ ಮೂರು ವರ್ಷದಿಂದ
ತನ್ನ ಸಂಬಳ ತಾನೇ ಏರಿಸಿಕೊಂಡಿಲ್ಲ;
ಅವನಿಗೊಂದು ಕಾರಣ ಹುಡುಕಲು
ಇನ್ನೊಂದು ಚಹಾ ಬೇಕಾಯಿತು.

ಖಾಲಿ ಜಾಗಕ್ಕೆ ಪುಣೆಯ ಏರ್ ಕಂಡೀಶನರಿನವರು ಬಂದರು,
ಹಡಗಿನ ಎಂಜಿನ್ನಿನವರು ಬಂದರು,
ಔಷಧಿ ಕಂಪನಿಯೊಂದೂ ಬಂತು. ಅಲ್ಲೂ ಪಂಪು ಇರುತ್ತವಲ್ಲ.
'ಪ್ರತಿಭೆಗಾಗಿ ಪೈಪೋಟಿ' ಎಂದು ಬರೆದೆ.
ಈ ಎರಡು ಪದಕ್ಕೆ ಎಂಥ ಬಾಗಿಲೂ ತೆರೆಯುತ್ತದೆ.
ಮಧ್ಯಾಂಕ ಲಿಫ್ಟಿನಂತೆ ಸದ್ದಿಲ್ಲದೆ ಏರಿತು,
ಐದು ಕೋಟಿ ಎಂಬತ್ತು.
ಈಗ ಸಾಹೇಬರು ಬಡವರು.

ಹಡಗಿನವರ ಪಟ್ಟಿಯನ್ನು ಹೋದ ವರ್ಷ ಮಾಡಿದ್ದೂ ನಾನೇ.
ಅದರಲ್ಲಿ ಏರ್ ಕಂಡೀಶನರಿನವರಿದ್ದರು,
ಅವರ ಪಟ್ಟಿಯಲ್ಲಿ ಇವರು.
ಬರುವ ವರ್ಷ ಇಬ್ಬರ ಪಟ್ಟಿಗೂ ಪಂಪು ಸೇರುತ್ತದೆ.
ಹೆಗಲ ಮೇಲೆ ಹೆಗಲು, ಅದರ ಮೇಲೆ ಹೆಗಲು,
ನೆಲದಲ್ಲಿ ಯಾರೂ ನಿಂತಿಲ್ಲದ ದಹಿಹಂಡಿ.

ಅವ್ವ ಮದುವೆಗೆ ಹೊರಡುವ ಮುನ್ನ
ಮುಯ್ಯಿಯ ನೋಟ್‌ಬುಕ್ ತೆಗೆಯುತ್ತಿದ್ದಳು.
ಅವರು ಐವತ್ತೊಂದು ಹಾಕಿದ್ದರೆ ನಾವೂ ಐವತ್ತೊಂದು.
ಒಮ್ಮೆ ನೂರೊಂದು ಕೊಟ್ಟು ಬಂದಳು;
ಆ ತಿಂಗಳು ಎಣ್ಣೆ ಅರ್ಧ ಕಿಲೋ ಕಡಿಮೆ ಬಂತು.
"ಸರೀಕರ ಮುಂದೆ..." ಎಂದು ಶುರುಮಾಡಿದ ಮಾತನ್ನು
ಅವಳು ಯಾವತ್ತೂ ಮುಗಿಸಿದ್ದಿಲ್ಲ.

ಭಾನುವಾರ ಡೊಂಬಿವಲಿಯಲ್ಲಿ ಸೊಸೈಟಿ ಮೀಟಿಂಗ್.
ಸೆಕ್ರೆಟರಿ ನಾನು.
ವಾಚ್‌ಮನ್ ಶಿವಮೂರತ್ ಅರ್ಜಿ ಕೊಟ್ಟಿದ್ದಾನೆ,
ಹನ್ನೊಂದು ಸಾವಿರ ಹದಿಮೂರಾಗಬೇಕು.
"ಅಕ್ಕಪಕ್ಕದ ಬಿಲ್ಡಿಂಗಿನಲ್ಲಿ ಎಷ್ಟು?" ಮ್ಹಾತ್ರೆ ಕೇಳಿದರು.
ಎಲ್ಲರೂ ನನ್ನ ಕಡೆ ತಿರುಗಿದರು:
"ನಿಮ್ಮದು ಇದೇ ಕೆಲಸವಲ್ಲವೇ?"

ಇದೇ ಕೆಲಸ.
ಎದುರಿನ ಹದಿನಾಲ್ಕು ಮಹಡಿಯ ಟವರಿನಲ್ಲಿ ಹದಿನಾರು ಸಾವಿರ;
ಅಲ್ಲಿ ಎರಡು ಲಿಫ್ಟು, ಅದು ನಮ್ಮ ಸರೀಕನಲ್ಲ.
ಹಳಿಯಾಚೆ ಬಣ್ಣ ಬಿಟ್ಟ ಮೂರು ಕಟ್ಟಡ:
ಹತ್ತು, ಹತ್ತೂವರೆ, ಹನ್ನೊಂದು.
ಪಟಪಟ ಬಾಯಿಗೆ ಬಂದವು, ಲ್ಯಾಪ್‌ಟಾಪ್ ಬೇಕಾಗಲಿಲ್ಲ.
"ಮಧ್ಯಾಂಕಕ್ಕಿಂತ ಐನೂರು ಮೇಲೇ ಇದ್ದಾನೆ," ಎಂದೆ.
ಇನ್ನೈನೂರು ಏರಿಸಿ, ಬಟಾಟೆ ವಡೆ ತಿಂದೆವು.

ಕೆಳಗೆ ಶಿವಮೂರತ್ ಟಾಕಿಗೆ ನೀರು ಏರಿಸುತ್ತಿದ್ದ.
ಹಸಿರು ಪಂಪು, ಮೈಮೇಲೆ ಠಾಣೆ ಎಂದು ಕೊರೆದ ತಗಡು.
ಇಷ್ಟು ದಿನ ನಾನು ನೋಡಿರಲಿಲ್ಲ.
ಐನೂರು ಅಂದೆ.
ಸದ್ದಿಗೆ ಕೇಳಿಸಲಿಲ್ಲವೋ ಏನೋ, ಇನ್ನೊಮ್ಮೆ ಅಂದೆ.
ಅವನು ಸ್ವಿಚ್ಚು ಆರಿಸಿದ.

"ಟವರಿನವನು ನಮ್ಮೂರಿನವನೇ, ಮೇಡಂ.
ಅವನೂ ನಾನೂ ಒಂದೇ ಖೋಲಿ.
ಅವನದು ರಾತ್ರಿ ಪಾಳಿ, ನನ್ನದು ಹಗಲು.
ಹಾಸಿಗೆ ಒಂದೇ ಸಾಕು."