ನ್ಯೂಟ್ರಲ್

ಎಲ್ಲ ಹೇಳಿಕೊಟ್ಟೆ ಹುಡುಗನಿಗೆ:
ಮೂರನೆಯ ಒದೆತಕ್ಕೇ ಎಚ್ಚರವಾಗುವುದು, ಮೊದಲೇ ಬೈಯಬೇಡ.
ಜುಲೈಯಲ್ಲಿ ಸೀಟಿಗೆ ಒದ್ದೆ ಟವೆಲು ಹಾಸು.
ಎಣ್ಣೆ ತೊಟ್ಟಿಕ್ಕಿದರೆ ಹೆದರಬೇಡ,
ತೊಟ್ಟಿಕ್ಕದ ದಿನ ಹೆದರು.

ಹೈಥಮ್, ಮುಹರ್ರಕ್‌ನವ. ಇಪ್ಪತ್ತಾರರ ಮೊಣಕಾಲು.
ನನ್ನ ಅರಬಿ ಮುರುಕು, ಅವನ ಹಿಂದಿ ಸಿನಿಮಾದ್ದು.
ನಡುವೆ ಬಿಎಸ್‌ಎ ನಿಂತಿತ್ತು,
ಡಾಕ್ಟರರೆದುರು ಮಗನೇ ಮಾತಾಡುವಾಗ
ಸುಮ್ಮನೆ ಕೂತ ಮುದುಕನ ಹಾಗೆ.

ಎಂಬತ್ಮೂರರಲ್ಲಿ ಅವಾಲಿಯ ಸಾಹೇಬ ಊರಿಗೆ ಹೊರಟಾಗ ಕೊಂಡದ್ದು,
ಹನ್ನೊಂದು ತಿಂಗಳ ಕಂತು.
ರೂಮಿನವರೆಲ್ಲ ನಕ್ಕರು:
ಇದಿನಬ್ಬ, ಈ ದುಡ್ಡಿಗೆ ಊರಲ್ಲೊಂದು ಬಾವಿ ತೋಡಬಹುದಿತ್ತಲ್ಲ ಮಾರಾಯ.
ತೋಡಿದೆ, ಆಮೇಲೆ.
ಅದರ ನೀರು ಕುಡಿದದ್ದು ಕಡಿಮೆ,
ಇದರ ಗಾಳಿ ಕುಡಿದದ್ದೇ ಹೆಚ್ಚು.

ಈಗ ನಮಾಜೂ ಕುರ್ಚಿಯ ಮೇಲೆ.
ಕಳೆದ ರಮಳಾನಿನಲ್ಲಿ, ಸಿಗ್ನಲ್ಲಿನ ಹತ್ತಿರ
ಅದು ವಾಲಿತು, ನಾನೂ ವಾಲಿದೆ.
ಇಬ್ಬರು ನೇಪಾಳಿ ಹುಡುಗರು ಓಡಿ ಬಂದು ಎತ್ತಿದರು,
ಮೊದಲು ಬೈಕನ್ನು.
ಅದೇ ಸರಿ.

ದೀನಾರು ಎಣಿಸದೆ ಜೇಬಿಗಿಳಿಸಿದೆ.
ಒಂದೇ ಒದೆತ. ಮೂರು ಬೇಕಾಗಲಿಲ್ಲ ಅವನಿಗೆ,
ಅದೊಂದು ಸ್ವಲ್ಪ ಚುಚ್ಚಿತು.

ಗುದೈಬಿಯಾದ ಗಲ್ಲಿ ತಿರುಗುವಲ್ಲಿ ಸದ್ದು ನಿಂತಿತು.
ಆಗ ನೆನಪಾಯಿತು: ನ್ಯೂಟ್ರಲ್ ಹೇಳಲೇ ಇಲ್ಲ!
ಒಂದಕ್ಕೂ ಎರಡಕ್ಕೂ ನಡುವೆ ಕೂದಲೆಳೆಯಷ್ಟು ಜಾಗ,
ನನ್ನ ಬಲಗಾಲ ಹೆಬ್ಬೆರಳಿಗೆ ಮಾತ್ರ ಗೊತ್ತಿರುವಂಥದ್ದು.
ಓಡಬೇಕೆಂದು ಅದೇ ಕಾಲು ಎತ್ತಿದೆ.
ಮೊಣಕಾಲು ಬೇಡ ಅಂತು.

ಗೋಡೆ ಹಿಡಿದು ನಿಂತೆ.
ಅಸರ್ ಬಾಂಗು ಶುರುವಾಗಿ ಮುಗಿಯಿತು.
ಲಾಂಡ್ರಿಯವ ಹೊರಗೆ ಬಂದು ನನ್ನನ್ನು ನೋಡಿ ಒಳಗೆ ಹೋದ.
ಆಮೇಲೆ, ದೂರದಲ್ಲಿ,
ಸಿಕ್ಕಿತು ಅವನಿಗೆ.