ಹಿಂದಿನ ಸೀಟು

ಅಲ್ ಕೂಸಿನ ಈ ಶೆಡ್ಡಿನಲ್ಲಿ ಇನ್ನೂರ ಹನ್ನೊಂದು ಗಾಡಿ.
ಬಿಳಿ ಮೈ, ಹಸಿರು ಪಟ್ಟಿ, ನೆತ್ತಿಗೆ ದೀಪ.
ಮುಂದಿನ ಸಾಲಿನ ಆ ಚಪ್ಪಟೆ ಇಟಲಿಯವನು
ಓಡುವುದು ಕಡಿಮೆ, ಫೋಟೊಗೆ ನಿಲ್ಲುವುದೇ ಹೆಚ್ಚು;
ಅವನನ್ನು ಒರೆಸಲು ಬೇರೆ ಬಟ್ಟೆ, ಬೇರೆ ಹುಡುಗ.

ನನ್ನ ಪಾಲಿಗೆ ನಲವತ್ತೇಳು.
ಮೂರು ಲಕ್ಷ ಕಿಲೋಮೀಟರ್ ಗಸ್ತು ತಿರುಗಿದ ಮುದಿಯ.
ಹೊಸಪೇಟೆ ಡಿಪೋದಲ್ಲಿ ಬಸ್ಸು ತೊಳೆದ ಕೈ ಇದು.
ಅಲ್ಲಿ ಅದಿರಿನ ಧೂಳು, ನೀರು ಬಿದ್ದರೆ
ಅಂಗಳವೆಲ್ಲ ಕೋಳಿ ಕೊಯ್ದ ಹಾಗೆ.
ಇಲ್ಲಿಯದು ಹಿಟ್ಟು. ಸದ್ದಿಲ್ಲದೆ ಇಳಿದುಹೋಗುತ್ತದೆ.

ಮೊನ್ನೆ ಹಿಂದಿನ ಸೀಟಿನಲ್ಲಿ ಸಿಕ್ಕಿದ್ದು:
ಅರ್ಧ ಕಚ್ಚಿದ ಖರ್ಜೂರ,
ಹವಾಯಿ ಚಪ್ಪಲಿ ಒಂದು, ಎಡಗಾಲಿನದು,
ಕಿಟಕಿಯ ಗಾಜಿಗೆ ಯಾರದೋ ಹಣೆಯ ಜಿಡ್ಡು.
ಚಪ್ಪಲಿಯನ್ನು ಪುಸ್ತಕದಲ್ಲಿ ಬರೆಸಬೇಕು.
ಹಣೆಗೆ ಕಾಲಮ್ಮಿಲ್ಲ.

ಒರೆಸಲು ಒಳಗೆ ಹೊಕ್ಕೆ, ಗಾಳಿಗೋ ಏನೋ
ಬಾಗಿಲು ಬಡಿದುಕೊಂಡಿತು.
ಹಿಡಿಕೆ ಇದೆ. ಎಳೆದರೆ ಬರೀ ಲೊಟಕ್ ಎನ್ನುತ್ತದೆ.
ಹೊರಗೆ ಜರ್ ವಲಿ ಟೈರಿಗೆ ಗಾಳಿ ಹಿಡಿಯುತ್ತಿದ್ದ,
ಕಂಪ್ರೆಸರಿನ ಅಬ್ಬರಕ್ಕೆ ನನ್ನ ಬಡಿತ ಕೇಳಿಸದು.
ಮುಂದೆ ಜಾಲರಿ. ಜಾಲರಿಯಾಚೆ ಖಾಲಿ ಟೋಪಿ.
ತಪ್ಪು ಮಾಡಿಲ್ಲ ಅಂತ ನನಗೆ ಗೊತ್ತು,
ಆದರೂ ಜೇಬಿನ ಕಾರ್ಡು ಮುಟ್ಟಿ ನೋಡಿಕೊಂಡೆ.
ಆಮೇಲೆ ಇನ್ನೊಮ್ಮೆ.
ಊರಿನಲ್ಲಿ ಕದ್ದಿದ್ದ ಒಂದು ಪಾನಾ ನೆನಪಾಯಿತು.

ಬಾಗಿಲು ತೆಗೆದ ಜರ್ ವಲಿ ನಕ್ಕ, "ಏನಪ್ಪಾ, ಯಾವ ಕೇಸು?"
ನಾನೂ ನಕ್ಕೆ.
ಗಾಜಿನ ಮೇಲೆ ಈಗ ಎರಡು ಹಣೆ,
ಯಾವುದು ನನ್ನದೆಂದು ತಿಳಿಯದೆ ಎರಡನ್ನೂ ಒರೆಸಿದೆ.

ಆರಕ್ಕೆ ನಲವತ್ತೇಳು ಹೊರಬಿತ್ತು, ತೊಳೆದ ಮುಖ ಹೊತ್ತು.
ಚಪ್ಪಲಿ ನನ್ನ ಅಳತೆಯದೇ.
ಇನ್ನೂ ಬರೆಸಿಲ್ಲ.