ಪಾಲಕರ ಸಹಿ

ಸರ್,
ಡೈರಿಯಲ್ಲಿ ನೀವು ನನಗೆ ಬಿಟ್ಟ ಜಾಗ
ಎರಡು ಬೆರಳಗಲ.
ಅದರ ಮೇಲೆ ಕೆಂಪು ಶಾಯಿಯಲ್ಲಿ:
‘ಬುಧವಾರದ ಬೂಟು ವಿಪರೀತ ಹೊಳೆಯುತ್ತಿದೆ. ಕಾರಣ ತಿಳಿಸಿ.’

ಹಿಂದಿನ ಪುಟದಲ್ಲಿ, ಬೂಟು ಬೆಳ್ಳಗಿಲ್ಲ.
ಅದರ ಹಿಂದಿನದರಲ್ಲೂ ಬೆಳ್ಳಗಿಲ್ಲ.
ಅದಕ್ಕೂ ಹಿಂದೆ, ರಿಬ್ಬನ್ ಕಪ್ಪಲ್ಲ, ಕಡುನೀಲಿ.
(ಅದನ್ನು ನಾನು ಬಿಸಿಲಿಗೆ ಹಿಡಿದು ನೋಡಿದೆ.
ನಿಮ್ಮ ಕಣ್ಣು ಒಳ್ಳೆಯದು.)

ಶಾಲೆ ತೆರೆದದ್ದು ಜೂನ್ ಒಂದಕ್ಕೆ.
ಸಮುದ್ರ ಮುಚ್ಚಿದ್ದೂ ಜೂನ್ ಒಂದಕ್ಕೇ.
ಬೈತಕೋಲದ ಧಕ್ಕೆಯಲ್ಲಿ ಟ್ರಾಲರುಗಳು
ಭುಜಕ್ಕೆ ಭುಜ ತಾಗಿಸಿ ನಿಂತಿವೆ,
ನಿಮ್ಮ ಪ್ರಾರ್ಥನೆಯ ಸಾಲಿನ ಹಾಗೆ.
ಜುಲೈ ಮುಗಿಯುವ ತನಕ ಪುರ್ಸುವಿಗೆ ಪಾಲಿಲ್ಲ.
ನನ್ನ ಬುಟ್ಟಿಯಲ್ಲಿ ಇರುವುದು
ಮೇ ತಿಂಗಳಲ್ಲಿ ಒಣಗಿಸಿದ ಶೆಟ್ಲಿ,
ಅದರದೂ ತಳ ಕಾಣುತ್ತಿದೆ.

ಅಂಗಿ ಹೊಲಿಸಿದೆವು.
ಹೋದ ವರ್ಷದ ನೀಲಿ ಚೌಕಳಿ ಬೇಡವೆಂದಿರಿ.
ಈ ವರ್ಷದ ನೀಲಿ ಚೌಕಳಿಯ ನಡುವೆ
ಹಳದಿ ಎಳೆ ಹಾದುಹೋಗುತ್ತದೆ.
ಒಂದೇ ಎಳೆ, ಸರ್.
ಇಡೀ ಕಾರವಾರದಲ್ಲಿ ಅದು ಸಿಗುವ ಅಂಗಡಿಯೂ ಒಂದೇ.
ಎರಡು ಜೊತೆಗೆ ಹದಿನೆಂಟು ನೂರು.
ರೇಟು ನಮ್ಮದಲ್ಲ ಬಾಯ್, ಶಾಲೆಯದು,
ಅಂದ ಅಂಗಡಿಯವ, ಪಾಪ.
ಚೌಕಾಶಿ ಮಾಡದೆ ನಾನು ಏನನ್ನಾದರೂ ಕೊಂಡದ್ದು
ಅದೇ ಮೊದಲು.
ಹಳೆಯದು ಮಾಜಾಳಿಯ ತಂಗಿ ಮಗಳಿಗೆ
ಅಳತೆ ಹೊಂದುತ್ತದೆ,
ಅವಳ ಶಾಲೆಗೆ ಬಣ್ಣ ಹೊಂದುವುದಿಲ್ಲ.
ಈಗ ಅದು ಎಂಜಿನ್ನಿನ ಎಣ್ಣೆ ಒರೆಸುತ್ತದೆ.

ಸಾನಿಕಾಳ ಹೊಸ ಅಂಗಿ ನಮ್ಮ ಮನೆಯಲ್ಲಿ ಇರುವುದಿಲ್ಲ.
ವಾಸನೆ ಬರುತ್ತದೆ ಎಂದು ಯಾರೋ ಬೆಂಚಿನಲ್ಲಿ
ಸರಿದು ಕೂತರಂತೆ.
ರಾತ್ರಿ ಅದು ಮಲಗುವುದು
ಹಿಂದಿನ ಮನೆಯ ಫೆಲ್ಸಿಯಾಬಾಯಿಯ ಕಪಾಟಿನಲ್ಲಿ,
ನುಸಿಗುಳಿಗೆಯ ಪಕ್ಕ.
ಬೆಳಿಗ್ಗೆ ಅಲ್ಲಿಗೆ ಹೋಗಿ ನಿಮ್ಮ ವಿದ್ಯಾರ್ಥಿನಿಯಾಗುತ್ತಾಳೆ.
ಸಂಜೆ ಅಲ್ಲಿಗೆ ಹೋಗಿ, ಬಿಚ್ಚಿಟ್ಟು,
ನನ್ನ ಮಗಳಾಗಿ ಬರುತ್ತಾಳೆ.
ನನ್ನ ಹೆಸರು ಸುಗಂಧಾ.
ನಗುವುದಾದರೆ ನಗಿ, ನಾವೂ ನಕ್ಕಿದ್ದೇವೆ.

ಇನ್ನು ಬೂಟು.
ಪಾಲಿಶು ಹಚ್ಚಿದೆ, ಮಳೆ ತೊಳೆಯಿತು.
ಸುಣ್ಣದ ಕಡ್ಡಿ ತಿಕ್ಕಿದೆ, ಗೇಟಿನ ತನಕವೂ ಬಾಳಲಿಲ್ಲ;
ಅವಳ ಹಿಂದೆ ರಸ್ತೆಯೇ ಬೆಳ್ಳಗಾಯಿತಂತೆ.
ಮಂಗಳವಾರ ರಾತ್ರಿ ಪುರ್ಸು ಎದ್ದ.
ದೋಣಿಗೂ ಬಣ್ಣದ ನಿಯಮ ಉಂಟು ಸರ್,
ನಂಬರು ಎಲ್ಲಿ, ಎಷ್ಟು ದೊಡ್ಡದು ಎಂದು ಉಂಟು,
ಮಾಸಿದ್ದರೆ ನಡುನೀರಿನಲ್ಲಿ ನಿಲ್ಲಿಸಿ ಕೇಳುತ್ತಾರೆ.
ನಿಲ್ಲಿಸಿ ಕೇಳಿಸಿಕೊಂಡವ ಅವನು.
ಡಬ್ಬಿಯಲ್ಲಿ ಉಳಿದಿದ್ದ ಬಿಳಿಯನ್ನು
ಟರ್ಪೆಂಟೈನಿನಲ್ಲಿ ಕದಡಿ
ಎರಡು ಕೈ ಬಳಿದ,
ನಡುವೆ ಬೀಡಿ ಹಚ್ಚಲು ಹೋಗಿ ನನ್ನ ಬೈಗುಳ ತಿಂದ.

ಈಗ ಮಳೆ ಅದರ ಮೇಲೆ ನಿಲ್ಲುವುದಿಲ್ಲ,
ಉರುಳಿ ಬೀಳುತ್ತದೆ.
ಮರದ ಹಾಗೆ ಗಟ್ಟಿ. ಬೆರಳು ಮಡಚಿದರೆ
ಬಣ್ಣ ಸೀಳುತ್ತದೆ,
ಅದಕ್ಕೇ ಅವಳು ಪಾದ ಬಗ್ಗಿಸದೆ ನಡೆಯುವುದು.
ಕವಾಯತಿನಲ್ಲಿ ಒಳ್ಳೆಯ ನಡಿಗೆ ಎಂದು
ನೀವೇ ಹೊಗಳಿದಿರಂತೆ.

ಇನ್ನೂ ಒಂದು ಇತ್ತು.
ಆಗಸ್ಟಿನಲ್ಲಿ ನೀವು ಬಂಗಡೆ ಕೊಳ್ಳುವುದು ನನ್ನ ಹತ್ತಿರ.
ಕಿವಿರು ಎತ್ತಿ ನೋಡುತ್ತೀರಿ, ಹತ್ತು ರೂಪಾಯಿ ಇಳಿಸುತ್ತೀರಿ,
ನಾನು ಇಳಿಸುತ್ತೇನೆ.
ನಿಮಗೆ ಬುಟ್ಟಿಯ ಗುರುತು ಉಂಟು.

ಇಷ್ಟೆಲ್ಲ ಎರಡು ಬೆರಳಗಲದಲ್ಲಿ ಹಿಡಿಯುವುದಿಲ್ಲ.
ಸಾನಿಕಾ ಪೆನ್ನು ಹಿಡಿದು ಕಾಯುತ್ತಿದ್ದಾಳೆ,
ಬೇಗ ಆಯಿ, ಅಂಗಿ ತರಬೇಕು ಅನ್ನುತ್ತಾಳೆ.
ಹೆಬ್ಬೆರಳು ಒದ್ದೆ ಇದ್ದಲ್ಲಿ ಪೆನ್ನು ಓಡುತ್ತಿಲ್ಲ.
ಓಡಿದಷ್ಟು ಬರೆದಿದ್ದೇನೆ:

ಕಾರಣ: ದೋಣಿಯ ಬಣ್ಣ.
ಸುಗಂಧಾ ಪಿ. ತಾಂಡೇಲ